ಎರಡು ಊರಿಗೆ ಒಬ್ಬಳೇ ನೀರುಗಂಟಿ

ಅವ್ವ ತೀರಿಕೊಂಡ ದಿನ ವಿನೋಬನಗರದ ನಮ್ಮ ಓಣಿಗೆ ನೀರಿನ ಪಾಳಿ ಇರಲಿಲ್ಲ. ಮನೆಯಲ್ಲಿದ್ದ ಡ್ರಮ್ಮು ಅರ್ಧ, ಪಕ್ಕದವರದ್ದು ಅದಕ್ಕಿಂತ ಕಡಿಮೆ. ತಮ್ಮ ಯಾರಿಗೋ ಫೋನ್ ಮಾಡಿ ಟ್ಯಾಂಕರ್ ತರಿಸಿದ. ಅದು ಸಂದಿಯೊಳಗೆ ಹಿಮ್ಮುಖವಾಗಿ ಬಂದು ಮನೆ ಮುಂದೆ ನಿಂತಿತು. ಪೈಪಿನಿಂದ ಡ್ರಮ್ಮಿಗೆ ನೀರು ಬಿದ್ದ ಕೂಡಲೇ ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಹೊಡೆಯಿತು. ಅಲ್ಲಿಯವರೆಗೆ ಕಣ್ಣೀರು ಹಾಕದೆ ಚಾಪೆ ಹಾಸು, ಕುರ್ಚಿ ತರಿಸು ಎಂದು ಓಡಾಡಿಕೊಂಡಿದ್ದವಳು ಕಟ್ಟೆಯ ಮೇಲೆ ಕುಸಿದು ಕೂತೆ. ಬಂದಿದ್ದ ಹೆಂಗಸರು ಅವ್ವನಿಗಾಗಿ ಅಳುತ್ತಿದ್ದಾಳೆ ಅಂದುಕೊಂಡರು. ಅದು ಸುಳ್ಳಲ್ಲ. ಆದರೆ ಆ ಅಳುವಿನಲ್ಲಿ ಅರ್ಧ ಪಾಲು ಬೇರೆಯವರದ್ದಾಗಿತ್ತು. ಆ ವಾಸನೆ ನನ್ನನ್ನು ಸಾತಗೊಂದಿಯ ಒಂದು ಬೇಸಿಗೆಗೆ ಎಳೆದುಕೊಂಡು ಹೋಗಿತ್ತು.

ಸಾತಗೊಂದಿ ಗ್ರಾಮ ಪಂಚಾಯ್ತಿಯಲ್ಲಿ ನಾನು ಆಗ ಕಂಪ್ಯೂಟರ್ ಕೆಲಸಕ್ಕಿದ್ದೆ. ದಾವಣಗೆರೆಯಿಂದ ಹರಿಹರದ ಕಡೆ ಹೋಗುವ ಬಸ್ಸು ಹತ್ತಿ, ಕೈಮರದ ಹತ್ತಿರ ಇಳಿದು, ಸಿಕ್ಕಿದರೆ ಆಟೋ, ಸಿಗದಿದ್ದರೆ ನಡಿಗೆ. ಊರು ದಾವಣಗೆರೆ ತಾಲ್ಲೂಕಿನ ಕೊನೆಗಿತ್ತು. ಗದ್ದೆಗಳಿಗೆ ನೀರು ತರುವ ಚಾನಲ್ ದಾಟಿದರೆ ಮುದ್ದೇನೂರು, ಅದು ಹರಿಹರ ತಾಲ್ಲೂಕಿಗೆ ಸೇರಿದ್ದು. ಎರಡೂ ಊರಿನ ಹೊಲಗಳು ಒಂದಕ್ಕೊಂದು ತಾಗಿಕೊಂಡಿದ್ದವು. ಹೆಣ್ಣು ಕೊಡುವುದು ತರುವುದೂ ಇತ್ತು. ಆದರೆ ಚಾನಲ್ ನೀರಿನ ವಿಷಯ ಬಂದಾಗ ಮಾತ್ರ ಬೀಗರು ಬೀಗರ ಮುಖ ನೋಡುತ್ತಿರಲಿಲ್ಲ.

ಆ ವರ್ಷ ಎರಡೂ ಪಂಚಾಯ್ತಿಗಳ ಕೈ ಬರಿದಾಗಿತ್ತು. ಮನೆಗಂದಾಯ ಬರುತ್ತಿರಲಿಲ್ಲ, ಬಂದದ್ದನ್ನೆಲ್ಲ ಬೋರ್‌ವೆಲ್ ಮೋಟರಿನ ಕರೆಂಟ್ ಬಿಲ್ಲು ನುಂಗುತ್ತಿತ್ತು. ಮುದ್ದೇನೂರಿನ ನೀರುಗಂಟಿ ವಯಸ್ಸಾಗಿ ಕೆಲಸ ಬಿಟ್ಟಿದ್ದ, ಆ ಜಾಗಕ್ಕೆ ಯಾರನ್ನೂ ತೆಗೆದುಕೊಂಡಿರಲಿಲ್ಲ. ನಮ್ಮ ಪಿಡಿಒ ಸಾಹೇಬರಿಗೆ ಆಗಲೇ ಮುದ್ದೇನೂರಿನ ಪ್ರಭಾರವೂ ಬಿದ್ದಿತ್ತು. ಅವರು ಎರಡೂ ಕಡೆಯ ಸದಸ್ಯರನ್ನು ಸಾತಗೊಂದಿಯ ಶಾಲೆಯಲ್ಲಿ ಕೂಡಿಸಿ ವಿಷಯ ಇಟ್ಟರು. ಪಿಡಿಒ ಒಬ್ಬರೇ, ಕಂಪ್ಯೂಟರ್ ಮೇಡಂ ಒಬ್ಬರೇ, ನೀರುಗಂಟಿ ಒಬ್ಬಳೇ. ಬೆಳಿಗ್ಗೆ ಇಲ್ಲಿ, ಮಧ್ಯಾಹ್ನ ಅಲ್ಲಿ. ಖರ್ಚು ಎರಡು ಪಾಲು.

"ಉಳಿತಾಯ ಆಗ್ತೈತ್ರಿ, ಇನ್ನೇನು ದಾರಿ ಐತೆ ಹೇಳ್ರಿ," ಅಂದರು ಸಾಹೇಬರು. ಮಿರ್ಚಿ ಮಂಡಕ್ಕಿ ಬಂತು, ತಿಂದು ಎದ್ದರು.

ಸಾಹೇಬರನ್ನು ನಾನು ದೂರುವುದಿಲ್ಲ. ಹೊಸದಾಗಿ ಮದುವೆಯಾಗಿದ್ದ ಹುಡುಗ, ಆಫೀಸಿನಲ್ಲಿ ಕೂತು ಬುತ್ತಿ ಬಿಚ್ಚಲು ಪುರುಸೊತ್ತಿಲ್ಲದೆ ಎರಡು ಊರಿನ ನಡುವೆ ಚಾನಲ್ ಏರಿಯ ಮೇಲೆ ಬೈಕ್ ನಿಲ್ಲಿಸಿ ಉಣ್ಣುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ನನ್ನ ಪಾಡೂ ಅದೇ. ಒಂದು ಲ್ಯಾಪ್‌ಟಾಪು, ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಒಂದು ಯಂತ್ರ, ಎರಡನ್ನೂ ಬ್ಯಾಗಿಗೆ ತುರುಕಿಕೊಂಡು ಊರೂರು ತಿರುಗುವ ಬಳೆಗಾರ್ತಿಯ ಹಾಗೆ ಓಡಾಡುತ್ತಿದ್ದೆ. ಸಾತಗೊಂದಿಯಲ್ಲಿ ಯಾರು ಯಾರನ್ನು ಹುಡುಕಿಕೊಂಡು ಬಂದರೂ "ಆ ಕಡೆ ಹೋಗ್ಯಾರೆ" ಎನ್ನುವುದೇ ಉತ್ತರ. ಮುದ್ದೇನೂರಿನಲ್ಲೂ ಅದೇ ಉತ್ತರ. ಎರಡು ಕಡೆಯೂ ಇಲ್ಲದವರು ಎಲ್ಲಿರುತ್ತಾರೆ ಎಂದು ಜನ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನನಗೆ ಮೊದಲಿನಿಂದಲೂ ಬಾಯಿ ಜಾಸ್ತಿ. "ಚಾನಲ್ ಒಳಗೆ ಬಿದ್ದೀವಿ, ಬಂದು ಎತ್ರಿ," ಅನ್ನುತ್ತಿದ್ದೆ.

ಆ ಒಬ್ಬಳೇ ನೀರುಗಂಟಿ ಹಾಲಮ್ಮ. ಐವತ್ತರ ಹತ್ತಿರದವಳು, ಗಟ್ಟಿ ಮೈ, ಅದಕ್ಕಿಂತ ಗಟ್ಟಿ ಗಂಟಲು. ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು, ಹೆಗಲ ಮೇಲೆ ವಾಲ್ವ್ ತಿರುಗಿಸುವ ಉದ್ದ ಕಬ್ಬಿಣದ ಚಾವಿ ಹೊತ್ತು ಬಂದಳೆಂದರೆ ಓಣಿಯ ಜಗಳಗಳೆಲ್ಲ ಅರ್ಧಕ್ಕೆ ನಿಲ್ಲುತ್ತಿದ್ದವು. ಜಂಬವೂ ಇತ್ತು ಅವಳಿಗೆ. ಅಧ್ಯಕ್ಷರು ಬರುತ್ತಾರೆ ಹೋಗುತ್ತಾರೆ, ತಾನು ಮಾತ್ರ ಇರುವವಳು ಎಂದು ಅಧ್ಯಕ್ಷರ ಮುಂದೆಯೇ ಹೇಳುತ್ತಿದ್ದಳು. ನನ್ನನ್ನು ಎಲ್ಲರೂ ಮೇಡಂ ಅಂದರೆ ಅವಳು ಮಾತ್ರ ಮೊದಲ ದಿನದಿಂದ ತಂಗಿ ಅಂದಳು.

ಅವಳು ಆ ಕೆಲಸಕ್ಕೆ ಬಂದ ಬಗೆಯನ್ನು ನನಗೆ ಹೇಳಿದ್ದು ಅವಳ ಎದುರು ಮನೆಯ ನೀಲವ್ವ. ನೀಲವ್ವ ಹಣ್ಣು ಮುದುಕಿ, ಹಲ್ಲಿರಲಿಲ್ಲ, ನಗು ಇತ್ತು. ಹಾಲಮ್ಮ ಮದುವೆಯಾಗಿ ಬಂದ ದಿನದಿಂದ ಅವಳಿಗೆ ತಾಯಿಯ ಹಾಗೆ ಇದ್ದವಳು.

ಸಾತಗೊಂದಿಯಲ್ಲಿ ಒಂದು ಪದ್ಧತಿ ಇತ್ತು. ಯಾರ ಮನೆಯಲ್ಲಾದರೂ ಸಾವಾದರೆ ಮೊದಲ ಸುದ್ದಿ ನೀರುಗಂಟಿಗೆ. ನೆಂಟರಿಗೆ, ಬೀಗರಿಗೆ, ಪರ ಊರಿನ ಮಕ್ಕಳಿಗೆ ಆಮೇಲೆ. ಯಾಕೆಂದರೆ ಮನೆಯಲ್ಲಿ ಕೂಡಿಟ್ಟ ನೀರನ್ನು ಹೆಣಕ್ಕೆ ಹಾಕುವಂತಿಲ್ಲ. ಹೊಸ ನೀರೇ ಬೇಕು. ಪಾಳಿ ಯಾವ ಓಣಿಯದೇ ಇರಲಿ, ನೀರುಗಂಟಿ ಎದ್ದು ಬಂದು ಸಾವಿನ ಮನೆಯ ಓಣಿಗೆ ನೀರು ತಿರುಗಿಸಬೇಕು. ಹೆಣಕ್ಕೆ ನೀರು ಹಾಕಿ, ಹೊತ್ತುಕೊಂಡು ಹೋಗಿ, ಬಂದವರು ಮಿಂದು, ಮನೆ ತೊಳೆದ ಮೇಲೆ ಅವನು ಬಾಗಿಲ ಹತ್ತಿರ ನಿಂತು "ನೀರು ಸಾಕಾಯ್ತಾ?" ಎಂದು ಕೇಳಬೇಕು. ಒಳಗಿನಿಂದ ಯಾರಾದರೂ "ಸಾಕಾಯ್ತು" ಅಂದ ಮೇಲೆಯೇ ವಾಲ್ವ್ ಮುಚ್ಚುವುದು. ಇದು ಯಾವ ಠರಾವಿನಲ್ಲೂ ಇರಲಿಲ್ಲ. ಯಾರೂ ತಪ್ಪಿಸಿಯೂ ಇರಲಿಲ್ಲ.

ಹಾಲಮ್ಮನ ಗಂಡ ನೀರುಗಂಟಿಯಾಗಿದ್ದ. ಒಂದು ಬೆಳಿಗ್ಗೆ ಮೋಟರ್ ಮನೆಯಲ್ಲೇ ಎದೆ ಹಿಡಿದುಕೊಂಡು ಬಿದ್ದು ಸತ್ತ. ಮನೆಗೆ ತಂದು ಮಲಗಿಸಿದರು, ಜನ ಸೇರಿದರು. ಹೆಣಕ್ಕೆ ನೀರು ಹಾಕಬೇಕು, ಆದರೆ ನೀರು ಬಿಡುವವನೇ ಹೆಣವಾಗಿ ಮಲಗಿದ್ದಾನೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಆಗ ಹಾಲಮ್ಮ ಗಂಡನ ಪಕ್ಕದಿಂದ ಎದ್ದಳು. ಮೂಲೆಯಲ್ಲಿದ್ದ ಚಾವಿ ತೆಗೆದುಕೊಂಡು ಬಿಚ್ಚಿದ ತಲೆಯಲ್ಲೇ ಹೋಗಿ ವಾಲ್ವ್ ತಿರುಗಿಸಿ ಬಂದಳು.

"ಪಂಚಾಯ್ತಿಯವ್ರು ಆಮೇಲೆ ಆದೇಶ ಕೊಟ್ರವ್ವ," ಅಂದಿದ್ದಳು ನೀಲವ್ವ. "ಅಕಿ ನೀರುಗಂಟಿ ಆಗಿದ್ದು ಅವತ್ತೇ. ನಾನು ಸತ್ರೂ ಅಷ್ಟೇ, ಹಾಲಮ್ಮ ಬಿಟ್ಟ ನೀರೇ ನನ್ ಮೈಮ್ಯಾಲೆ ಬೀಳಬೇಕು. ನನ್ ಮಗಗೆ ಹೇಳಿಟ್ಟೀನಿ."

ಎರಡು ಊರಿನ ಕೆಲಸ ಹೆಗಲಿಗೆ ಬಿದ್ದ ಮೇಲೆ ಹಾಲಮ್ಮನಿಗೆ ಒಂದು ಹಳೆಯ ಮೊಪೆಡ್ ಕೊಡಿಸಿದರು. ಅವಳು ಅದನ್ನು ಕಲಿತದ್ದು ಊರಿಗೆ ಒಂದು ತಮಾಷೆಯಾಯಿತು. ಶಾಲೆಯ ಬಯಲಿನಲ್ಲಿ ಸುತ್ತು ಹಾಕುತ್ತಾ ಬ್ರೇಕ್ ಹಿಡಿಯುವ ಬದಲು "ಹೋ ಹೋ" ಎಂದು ಎತ್ತಿಗೆ ಹೇಳುವಂತೆ ಕೂಗುತ್ತಿದ್ದಳು. ನೀಲವ್ವ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆ ಬೇಸಿಗೆಯಲ್ಲಿ ನಾವು ನಕ್ಕದ್ದು ಬಹುಶಃ ಅಷ್ಟೇ.

ಮುದ್ದೇನೂರಿನಲ್ಲಿ ಸಾವಿನ ಮನೆಗೆ ನೀರು ಬಿಡುವ ಪದ್ಧತಿ ಇರಲಿಲ್ಲ. ಅಲ್ಲಿ ಪಾಳಿ ಎಂದರೆ ಪಾಳಿ. ಹಾಲಮ್ಮ ಹೋದ ಹೊಸದರಲ್ಲಿ ಬಡವರ ಓಣಿಯ ಒಂದು ಹೆಣ್ಣುಮಗಳು ಹೆರಿಗೆಯಲ್ಲಿ ತೀರಿಕೊಂಡಳು. ಹಾಲಮ್ಮ ಯಾರೂ ಕೇಳದೆಯೇ ಆ ಓಣಿಗೆ ನೀರು ತಿರುಗಿಸಿದಳು, ಬಾಗಿಲಲ್ಲಿ ನಿಂತು "ಸಾಕಾಯ್ತಾ?" ಅಂದಳು. ಆ ಮನೆಯವರಿಗೆ ಅವಳು ಏನು ಕೇಳುತ್ತಿದ್ದಾಳೆಂದೇ ತಿಳಿಯಲಿಲ್ಲವಂತೆ. ತಿಳಿದ ಮೇಲೆ ಅವಳ ಕೈ ಹಿಡಿದುಕೊಂಡು ಅತ್ತರಂತೆ. ಇದನ್ನು ನನಗೆ ಹೇಳುವಾಗ ಹಾಲಮ್ಮನ ಮುಖದಲ್ಲಿ ಹಿಗ್ಗು ಇತ್ತು. ಆದರೆ ಒಮ್ಮೆ ಕೊಟ್ಟ ನೀರು ಮರುದಿನಕ್ಕೆ ಹಕ್ಕಾಯಿತು. ಎರಡೂ ಊರಿನ ಹೆಣಗಳು ಅವಳ ಲೆಕ್ಕಕ್ಕೆ ಬಂದವು.

ಬಿಸಿಲು ಏರುತ್ತಾ ಹೋಯಿತು. ಚಾನಲ್ಲಿನಲ್ಲಿ ಭತ್ತಕ್ಕೆಂದು ಬಿಟ್ಟ ನೀರು ಕಂದು ಬಣ್ಣದಲ್ಲಿ ಹರಿಯುತ್ತಿತ್ತು, ಕುಡಿಯುವ ಬೋರುಗಳು ಮಾತ್ರ ಕೆಮ್ಮುತ್ತಿದ್ದವು. ಹಾಲಮ್ಮ ಸಾತಗೊಂದಿಯಲ್ಲಿರುವಾಗ ಮುದ್ದೇನೂರಿನವರು ತಾವೇ ಸ್ಪ್ಯಾನರ್ ತಂದು ವಾಲ್ವ್ ತಿರುಗಿಸಿಕೊಳ್ಳತೊಡಗಿದರು. ಮೇಲಿನ ಓಣಿಗೆ ನೀರು, ಕೆಳಗಿನ ಓಣಿಗೆ ಗಾಳಿ. ಒಂದು ದಿನ ಇಬ್ಬರು ಹೆಂಗಸರು ಕೊಡದಲ್ಲೇ ಬಡಿದಾಡಿಕೊಂಡು ಹರಿಹರದ ಆಸ್ಪತ್ರೆ ಸೇರಿದರು. ಮರುವಾರ ಸಾಹೇಬರು ಎರಡೂ ಊರಿನ ವಾಲ್ವಿನ ಗುಂಡಿಗಳಿಗೆ ಕಬ್ಬಿಣದ ಮುಚ್ಚಳ ಹಾಕಿಸಿ ಬೀಗ ಜಡಿಸಿದರು. ಕೀಲಿಯ ಒಂದು ಗೊಂಚಲು ಹಾಲಮ್ಮನ ಹತ್ತಿರ, ಇನ್ನೊಂದು ಸಾಹೇಬರ ಹತ್ತಿರ. ಕಳೆದುಹೋಗದಿರಲಿ ಎಂದು ಹಾಲಮ್ಮ ಮೊಪೆಡ್ಡಿನ ಕೀಲಿಯನ್ನೂ ಅದೇ ಗೊಂಚಲಿಗೆ ಸೇರಿಸಿದಳು. ನಡೆದರೆ ಸೊಂಟದಲ್ಲಿ ಝಣಝಣ ಅನ್ನುತ್ತಿತ್ತು. "ಗೌಡಸಾನಿ ಆಗ್ಬಿಟ್ಟಿ ನೋಡು," ಎಂದು ನೀಲವ್ವ ರೇಗಿಸುತ್ತಿದ್ದಳು.

ಆಗಲೇ ಹಾಲಮ್ಮ ಸೊರಗಿದ್ದಳು. ಒಂದು ಮಧ್ಯಾಹ್ನ ಮುದ್ದೇನೂರಿನ ಆಫೀಸಿಗೆ ಬಂದು ನೆಲದ ಮೇಲೆ ಕೂತು ಕಾಲು ಒತ್ತಿಕೊಂಡಳು. ನಾನು ಒಂದು ಊರನ್ನಾದರೂ ಬಿಡು ಅಂದೆ.

"ನೀರು ಬಿಡಾದು ಕಷ್ಟ ಅಲ್ಲ ತಂಗಿ," ಅಂದಳು. "ಒಂದೇ ದಿನ ಎರಡು ಕಡೆ ಹೆಣ ಬಿದ್ರೆ ಏನ್ ಮಾಡ್ಲಿ? ದಿನಾ ಬೆಳಿಗ್ಗೆ ಎದ್ದು ಅದೇ ಬೇಡ್ಕೋತೀನಿ. ಸಾಯೋರು ಸಾಯ್ಲಿ, ಒಂದೇ ದಿನ ಬ್ಯಾಡ ಅಂತ."

ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ.

ಆ ದಿನ ಬಂದದ್ದು ಮೇ ತಿಂಗಳಿನಲ್ಲಿ. ನಾನು ಆಫೀಸಿಗೆ ಬರುವ ಹೊತ್ತಿಗೆ ಹಾಲಮ್ಮ ಊರಿನಲ್ಲಿರಲಿಲ್ಲ. ಮುದ್ದೇನೂರಿನ ಹಳೆಯ ಸದಸ್ಯರೊಬ್ಬರ ತಂದೆ ತೀರಿಕೊಂಡಿದ್ದರು, ಸುದ್ದಿ ಬಂದ ಕೂಡಲೇ ಹೋಗಿದ್ದಳು. ಅಲ್ಲಿಯ ಟ್ಯಾಂಕು ಖಾಲಿ. ಕರೆಂಟು ಬರುವುದು, ಹೋಗುವುದು, ಬಂದಾಗಲೆಲ್ಲ ಮೋಟರ್ ಒಂದಿಷ್ಟು ಓಡಿ ಟ್ರಿಪ್ ಆಗುವುದು. ಸ್ಟಾರ್ಟರಿನ ಪಕ್ಕದಲ್ಲೇ ನಿಂತು ಮತ್ತೆ ಮತ್ತೆ ಒತ್ತಬೇಕಾಗಿತ್ತು. ಸಾತಗೊಂದಿಯ ಟ್ಯಾಂಕನ್ನು ಮಾತ್ರ ಅವಳು ಹಿಂದಿನ ಸಂಜೆಯೇ ತುಂಬಿಸಿಟ್ಟಿದ್ದಳು.

ಹತ್ತು ಗಂಟೆಯ ಸುಮಾರಿಗೆ ನೀಲವ್ವನ ಮಗ ಚಂದ್ರಪ್ಪ ಆಫೀಸಿನ ಬಾಗಿಲಿಗೆ ಬಂದು ನಿಂತ. ಎತ್ತಿನ ಹಾಗೆ ದುಡಿಯುವ, ಮಾತು ಕಡಿಮೆಯ ಮನುಷ್ಯ.

"ಅವ್ವ ಹೋದ್ಲುರೀ ಮೇಡಂ. ಚಾ ಕುಡಿತಾ ಕುಡಿತಾನೇ ಹೋದ್ಲು," ಅಂದ. "ಹಾಲಮ್ಮಕ್ಕಗೆ ಹೇಳ್ಬೇಕಿತ್ತು. ಫೋನ್ ತಗೀತಿಲ್ಲ."

ನಾನು ಫೋನ್ ಹಚ್ಚಿದೆ. ಮೋಟರಿನ ಸದ್ದಿನಲ್ಲಿ ಅವಳಿಗೆ ಕೇಳಿಸಿರಲಿಲ್ಲವೇನೋ, ಎಷ್ಟೋ ಸಲ ಹೊಡೆದ ಮೇಲೆ ಎತ್ತಿದಳು. ನೀಲವ್ವ ಎಂದು ಹೆಸರು ಹೇಳಿದೆ, ಅಷ್ಟೇ ಹೇಳಿದೆ. ಆಮೇಲೆ ಅವಳು ಅಲ್ಲಿದ್ದವರಿಗೆ ಏನೋ ಹೇಳಿದ್ದು, ಗಂಡಸರ ದನಿಗಳು ಏರಿದ್ದು ಕೇಳಿಸಿತು. "ಇಲ್ಲೂ ಹೆಣಾನೇ ಮಲಗೈತೆ, ನಾಯಿ ಅಲ್ಲ," ಎಂದು ಒಬ್ಬ ಕೂಗಿದ. "ನೀನು ನಮ್ ಊರಿಗೂ ನೀರುಗಂಟಿ ಹೌದೋ ಅಲ್ಲೋ?" ಎಂದು ಇನ್ನೊಬ್ಬ.

ಹಾಲಮ್ಮ ಮತ್ತೆ ಫೋನಿಗೆ ಬಂದಾಗ ಆ ಗಟ್ಟಿ ಗಂಟಲು ಇರಲಿಲ್ಲ.

"ತಂಗಿ, ಗೊಂಚಲು ಕಸ್ಕಂಡಾರೆ. ಗಾಡಿ ಕೀಲೀನೂ ಅದ್ರಾಗೇ ಐತೆ. ಇಲ್ಲಿ ನೀರು ಹತ್ತಿದ ಮ್ಯಾಲೆ ಕೊಡ್ತೀವಿ ಅಂತಾರೆ. ನೀಲವ್ವಗೆ ಸ್ವಲ್ಪ ಕಾಯಾಕೆ ಹೇಳು."

ನಾನು ನೀಲವ್ವನ ಮನೆಗೆ ಹೋದೆ. ಅವಳನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆಗೆ ವಿಭೂತಿ. ಬೊಚ್ಚು ಬಾಯಿ ಸ್ವಲ್ಪ ತೆರೆದಿತ್ತು, ಈಗ ಏನೋ ರೇಗಿಸುತ್ತಾಳೆ ಅನ್ನುವ ಹಾಗೆ. ಹಾಲಮ್ಮ ಹೇಳಿದ್ದನ್ನು ಚಂದ್ರಪ್ಪನಿಗೆ ಹೇಳಿದೆ. ಅವನು ತಲೆಯಾಡಿಸಿದ. ಒಬ್ಬ ಅಣ್ಣತಮ್ಮಿಕೆಯವನು ಬೈಕ್ ಹಾಕಿಕೊಂಡು ಗೊಂಚಲು ತರಲು ಮುದ್ದೇನೂರಿಗೆ ಹೋದ. ಅವರು ಗೊಂಚಲನ್ನೂ ಕೊಡಲಿಲ್ಲ, ಹಾಲಮ್ಮನನ್ನೂ ಬಿಡಲಿಲ್ಲ, ಬೈಸಿಕೊಂಡು ಬರಿಗೈಯಲ್ಲಿ ಬಂದ. ಸಾಹೇಬರು ದಾವಣಗೆರೆಯಲ್ಲಿ ಮೀಟಿಂಗಿನೊಳಗೆ, ಫೋನು ಬಂದ್.

"ಹಾರೆ ತರ್ರಿ, ಬೀಗ ಒಡೆಯಾಣ," ಅಂದರು ಓಣಿಯವರು. ಒಡೆಯಬಹುದಾಗಿತ್ತು. ಟ್ಯಾಂಕು ತುಂಬಿತ್ತು, ಹಾರೆ ಇತ್ತು, ಒಡೆಯುವ ಕೈಗಳಿದ್ದವು. ಚಂದ್ರಪ್ಪ ಅಡ್ಡ ನಿಂತ.

"ಬ್ಯಾಡ್ರಿ. ಅವ್ವ ಹೇಳಿಟ್ಟಾಳೆ. ಹಾಲಮ್ಮಕ್ಕ ಬರ್ತಾಳೆ. ಅಕಿ ಬರದೆ ಇರಾಕಿ ಅಲ್ಲ."

ಕಾದರು. ಬೇರೆ ಯಾವ ಊರಿನವರೂ ಮಾಡದ ಕೆಲಸ ಅದು. ಮಾರು ದೂರದಲ್ಲಿ ತುಂಬಿದ ಟ್ಯಾಂಕು, ಪಡಸಾಲೆಯಲ್ಲಿ ಹೆಣ, ನಡುವೆ ಒಂದು ಬೀಗ. ಅಷ್ಟು ಜನ ಸುಮ್ಮನೆ ಬಿಸಿಲಿನಲ್ಲಿ ಕೂತು ಚಾನಲ್ ಏರಿಯ ಕಡೆ ನೋಡುತ್ತಿದ್ದರು. ಮೊಪೆಡ್ಡಿನ ಸದ್ದು ಕೇಳಿದರೆ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಹಾಲಿನವನ ಗಾಡಿ, ಬೀಜದ ಅಂಗಡಿಯವನ ಗಾಡಿ. ಮತ್ತೆ ಕೂರುತ್ತಿದ್ದರು.

ಮಧ್ಯಾಹ್ನ ದಾಟಿತು. ಸೆಕೆಗೆ ಪಡಸಾಲೆಯಲ್ಲಿ ನಿಲ್ಲಲಾಗುತ್ತಿರಲಿಲ್ಲ. ನೊಣ ಓಡಿಸುತ್ತಿದ್ದ ಹೆಣ್ಣುಮಕ್ಕಳು ಸೆರಗಿನಿಂದ ಮೂಗು ಮುಚ್ಚಿಕೊಳ್ಳತೊಡಗಿದರು. ಅದನ್ನು ನೋಡಿದ ಚಂದ್ರಪ್ಪನ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟುತ್ತದೆ. ತಾಯಿಯ ಮಾತು ನಡೆಸಲು ಹೋಗಿ ತಾಯಿಯನ್ನೇ ಜನರ ಮುಂದೆ ಕೆಡಿಸುತ್ತಿದ್ದೇನೆ ಎಂದು ಅವನಿಗೆ ಅನಿಸಿತೋ ಏನೋ. ಎದ್ದು ಹೋಗಿ ತಾನೇ ಹರಿಹರಕ್ಕೆ ಫೋನ್ ಮಾಡಿ ಟ್ಯಾಂಕರ್ ಹೇಳಿದ. ಟ್ಯಾಂಕರಿನದೂ ಕೂಡಿಟ್ಟ ನೀರೇ ಅಲ್ಲವೇ ಎಂದು ಯಾರೋ ಅಂದರು. ಪರ ಊರಿಂದ ಬಂದದ್ದು ಹೊಸ ನೀರೇ ಎಂದು ಹಿರಿಯರೊಬ್ಬರು ದಾರಿ ಮಾಡಿಕೊಟ್ಟರು. ಬೀಗ ಒಡೆಯುವ ಮಾತನ್ನು ಈಗ ಯಾರೂ ಎತ್ತಲಿಲ್ಲ. ಆ ನಲ್ಲಿಯ ನೀರೇ ಬೇಡ ಅನ್ನುವ ಹಟ ಚಂದ್ರಪ್ಪನ ಮುಖದಲ್ಲಿ ಆಗಲೇ ಕಾಣುತ್ತಿತ್ತು.

ಟ್ಯಾಂಕರ್ ಬಂತು. ಪೈಪು ಬಿಟ್ಟ ಕೂಡಲೇ ಓಣಿಯ ತುಂಬ ಬ್ಲೀಚಿಂಗ್ ಪೌಡರಿನ ಘಾಟು. ಯಾರು ಎಷ್ಟು ಸುರಿದಿದ್ದರೋ, ಕೊಡ ಹಿಡಿದವರ ಕಣ್ಣು ಉರಿಯಿತು. ಆ ನೀರನ್ನೇ ನೀಲವ್ವನ ಮೈಮೇಲೆ ಹಾಕಿದರು. ಅರಿಶಿನದ ವಾಸನೆಯೂ ಬರಲಿಲ್ಲ, ಊದುಬತ್ತಿಯದೂ ಬರಲಿಲ್ಲ. ಚರಂಡಿ ತೊಳೆಯುವಾಗ ಬರುವ ವಾಸನೆಯಲ್ಲಿ ಆ ನಗುವ ಮುದುಕಿಯನ್ನು ಕಳಿಸಿಕೊಟ್ಟರು.

ಹೊತ್ತು ಇಳಿಯುವ ಹೊತ್ತಿಗೆ ಮಣ್ಣು ಮಾಡಿ ಬಂದಿದ್ದರು. ನಾನು ಸಂಜೆಯ ಬಸ್ಸಿಗೆ ಹೋಗಬೇಕಾದವಳು ಯಾಕೋ ಏಳಲಾಗದೆ ಎದುರಿನ ಹಾಲಮ್ಮನ ಕಟ್ಟೆಯ ಮೇಲೆ ಕೂತಿದ್ದೆ. ಆಗ ಮೊಪೆಡ್ಡಿನ ಸದ್ದು ಕೇಳಿತು. ಈ ಸಲ ಯಾರೂ ಎದ್ದು ನಿಲ್ಲಲಿಲ್ಲ.

ಹಾಲಮ್ಮ ಗಾಡಿಯಿಂದ ಇಳಿಯಲಿಲ್ಲ, ಬಿದ್ದಳು. ಎದ್ದು ನೀಲವ್ವನ ಬಾಗಿಲಿಗೆ ಬಂದು ಒಳಗೆ ನೋಡಿದಳು. ಪಡಸಾಲೆಯಲ್ಲಿ ದೀಪ ಮಾತ್ರ ಇತ್ತು. ಓಣಿಯ ತಿರುವಿಗೆ ಹೋಗಿ ಬೀಗ ತೆಗೆದು, ಮುಚ್ಚಳ ಎತ್ತಿ, ಚಾವಿ ಇಳಿಸಿ ವಾಲ್ವ್ ತಿರುಗಿಸಿದಳು. ನಲ್ಲಿಗಳು ಗೊರಗೊರ ಅಂದು ನೀರು ಬಿಟ್ಟವು. ಬೇಸಿಗೆಯ ನೀರು, ಪಾಳಿ ತಪ್ಪಿ ಬಂದ ನೀರು. ಬೇರೆ ದಿನವಾಗಿದ್ದರೆ ಕೊಡಕ್ಕೆ ಕೊಡ ಬಡಿದುಕೊಂಡು ಓಡಿ ಬರುತ್ತಿದ್ದರು. ಅವತ್ತು ಒಂದು ಬಾಗಿಲಿನಿಂದಲೂ ಒಂದು ಕೊಡ ಹೊರಗೆ ಬರಲಿಲ್ಲ. ನೀರು ಕಟ್ಟೆ ಇಳಿದು ಚರಂಡಿಗೆ ಹರಿಯಿತು.

ಹಾಲಮ್ಮ ನೀಲವ್ವನ ಬಾಗಿಲಿಗೆ ಬಂದು ನಿಂತಳು.

"ನೀರು ಸಾಕಾಯ್ತಾ?" ಅಂದಳು.

ಒಳಗೆ ಚಂದ್ರಪ್ಪ ಗೋಡೆ ಕಡೆ ಮುಖ ಮಾಡಿ ಕೂತಿದ್ದ. ತಿರುಗಲಿಲ್ಲ. ಅವಳು ಇನ್ನೊಮ್ಮೆ ಕೇಳಿದಳು. ಸಾಕಾಯ್ತು ಎಂದು ಯಾರೂ ಅನ್ನದೆ ವಾಲ್ವ್ ಮುಚ್ಚುವ ಹಾಗಿರಲಿಲ್ಲ. ಅವಳು ಮುಚ್ಚಲೂ ಇಲ್ಲ. ಟ್ಯಾಂಕು ಖಾಲಿಯಾಗಿ ನಲ್ಲಿಗಳು ತಾವಾಗಿಯೇ ಬತ್ತುವವರೆಗೆ ಆ ಬಾಗಿಲಲ್ಲಿ ಹಾಗೇ ನಿಂತಿದ್ದಳು.

ಮರುದಿನ ಸಾಹೇಬರು ಬಂದು ಎರಡೂ ಊರಿನವರನ್ನು ಸಮಾಧಾನ ಮಾಡಿದರು. ನಾನು ಅವರ ಮೇಲೆ ಕೂಗಾಡಿದೆ. ಒಬ್ಬಳನ್ನು ಎರಡು ಊರಿಗೆ ಹರಿದು ಹಂಚಿದ್ದೀರಿ, ಇನ್ನೊಬ್ಬರನ್ನು ತೆಗೆದುಕೊಳ್ಳಿ ಅಂದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. "ನನ್ನನ್ನೂ ಹಂಗೇ ಹಂಚ್ಯಾರಲ್ರಿ ಮೇಡಂ," ಅಂದರು. ಗುಂಡಿಗಳ ಬೀಗ ತೆಗೆಸಿದರು. ಆದರೆ ಆಗಬೇಕಾದ್ದು ಆಗಿ ಹೋಗಿತ್ತು.

ಅದಾದ ಮೇಲೆ ಸಾತಗೊಂದಿಯಲ್ಲಿ ಹಾಲಮ್ಮನಿಗೆ ಯಾರೂ ಬೈಯಲಿಲ್ಲ. ಬೈದಿದ್ದರೆ ಅವಳು ನಾಲ್ಕು ತಿರುಗಿಸಿ ಬೈದು ಹಗುರಾಗುತ್ತಿದ್ದಳು. ಅವರು ಮಾಡಿದ್ದು ಇಷ್ಟೇ: ಸತ್ತ ಸುದ್ದಿ ಹೇಳುವುದನ್ನು ಬಿಟ್ಟರು. ಅವಳು ಪಾಳಿಯ ಪ್ರಕಾರ ನೀರು ಬಿಡುತ್ತಿದ್ದಳು, ಅವರು ಹಿಡಿದುಕೊಳ್ಳುತ್ತಿದ್ದರು, ಹಬ್ಬಕ್ಕೆ ಹೋಳಿಗೆಯೂ ಕೊಟ್ಟರು. ಆದರೆ ಸಾವಾದರೆ ಟ್ಯಾಂಕರಿಗೆ ಫೋನ್. ಜೂನಿನಲ್ಲಿ ಕೆಳಗಿನ ಓಣಿಯ ಒಬ್ಬ ಹಿರಿಯರು ತೀರಿಕೊಂಡರು. ಹಾಲಮ್ಮ ಮುದ್ದೇನೂರಿನಿಂದ ಬರುತ್ತಾ ದಾರಿಯ ಮೇಲೆ ಚೆಲ್ಲಿದ್ದ ಮಂಡಕ್ಕಿ, ಚೆಂಡುಹೂವು ನೋಡಿ ಗಾಡಿ ನಿಲ್ಲಿಸಿದಳಂತೆ. ಯಾರು ಸತ್ತರು ಎಂದು ದನ ಕಾಯುವವನನ್ನು ಕೇಳಿ ತಿಳಿದುಕೊಂಡಳಂತೆ.

ಆಫೀಸಿಗೆ ಬಂದು ನನ್ನ ಮೇಜಿನ ಪಕ್ಕ ನೆಲಕ್ಕೆ ಕೂತಳು. ಹೊರಗೆ ಮೊದಲ ಮಳೆ ಹಿಡಿದಿತ್ತು.

"ಮುದ್ದೇನೂರಿನೋರು ಹೇಳ್ತಾರೆ ತಂಗಿ. ಬಾ ಅಂತ ಹುಕುಂ ಮಾಡ್ತಾರೆ, ಹೋಗ್ತೀನಿ. ನಮ್ ಊರೋರು ಹೇಳಾದು ಬಿಟ್ರು. ನನ್ ಗಂಡನ ಕಾಲದಿಂದ ಯಾರ ಮನ್ಯಾಗೆ ದೀಪ ಆರಿದ್ರೂ ಮೊದ್ಲು ನಮ್ ಬಾಗ್ಲು ಬಡೀತಿದ್ರು. ಈಗ ಬಡಿಯಲ್ಲ."

ಅವಳು ಅತ್ತದ್ದನ್ನು ನಾನು ನೋಡಿದ್ದು ಅವತ್ತೇ. ಅಂಗಿಯ ತೋಳಿನಿಂದ ಕಣ್ಣು ಒರೆಸಿಕೊಂಡು, ಮಳೆ ನಿಲ್ಲುವ ಮೊದಲೇ ಎದ್ದು ಹೋದಳು. ನನಗೆ ಆ ಊರಿನ ಮೇಲೆ ಸಿಟ್ಟು ಬಂತು. ಆದರೆ ಯಾರ ಮೇಲೆ ಎಂದು ಬೆರಳು ತೋರಿಸಲು ಹೋದರೆ ಒಬ್ಬರೂ ಸಿಗುತ್ತಿರಲಿಲ್ಲ. ಚಂದ್ರಪ್ಪನ ನೋವು ಸುಳ್ಳಲ್ಲ, ಮುದ್ದೇನೂರಿನ ಹೆಣವೂ ಹೆಣವೇ.

ಮಳೆಗಾಲ ಮುಗಿಯುವ ಮೊದಲೇ ಸಾಹೇಬರಿಗೆ ವರ್ಗವಾಯಿತು. ಬಂದವರಿಗೆ ಮೂರು ಪಂಚಾಯ್ತಿಗಳ ಪ್ರಭಾರ. ನಾನು ದಾವಣಗೆರೆಯಲ್ಲೇ ಒಂದು ಅಡತಿ ಅಂಗಡಿಯ ಕಂಪ್ಯೂಟರಿಗೆ ಸೇರಿಕೊಂಡೆ. ಹಾಲಮ್ಮ ಇನ್ನೂ ಕೆಲವು ವರ್ಷ ಎರಡು ಊರಿಗೂ ನೀರು ಬಿಟ್ಟಳು. ಮೊಣಕಾಲು ಕೈಕೊಟ್ಟ ಮೇಲೆ ಕೆಲಸ ಬಿಟ್ಟು ಹರಿಹರದಲ್ಲಿರುವ ಮಗಳ ಮನೆ ಸೇರಿದಳು. ಈಗ ಸಾತಗೊಂದಿಗೆ ಹೊಸ ಪೈಪು ಬಂದಿದೆ, ಮನೆಮನೆಗೆ ನಲ್ಲಿ, ನೀರು ತನ್ನ ಹೊತ್ತಿಗೆ ತಾನು ಬಂದು ತಾನು ನಿಲ್ಲುತ್ತದೆಯಂತೆ. ಸತ್ತವರ ಸುದ್ದಿ ಮೊದಲು ಮುಟ್ಟಿಸಲು ಅಲ್ಲಿ ಈಗ ನೀರುಗಂಟಿಯೇ ಇಲ್ಲ.

ನನ್ನ ಅವ್ವನ ಜೀವ ಹೋಗಿದೆ ಎಂದು ಗೊತ್ತಾದಾಗ ಬೆಳಗಾಗಿತ್ತು. ತಮ್ಮ ಇನ್ನೂ ಎದ್ದಿರಲಿಲ್ಲ. ಅವ್ವನ ಕೈಯನ್ನು ಕೆಳಗಿಟ್ಟು ಫೋನ್ ತೆಗೆದುಕೊಂಡು ನಾನು ಮೊದಲು ಮಾಡಿದ್ದು ಹಾಲಮ್ಮನಿಗೆ. ಯಾಕೆಂದು ಯೋಚಿಸಿರಲಿಲ್ಲ. ದಾವಣಗೆರೆಯ ನೀರು ಅವಳ ಕೈಯಲ್ಲಿಲ್ಲ ಎಂದು ನನಗೆ ಗೊತ್ತಿಲ್ಲವೇ?

"ಅಕ್ಕಾ, ಅವ್ವ ಹೋದ್ಲು," ಅಂದೆ.

"ಯಾರ್ಯಾರಿಗೆ ಹೇಳಿದಿ?"

"ಮೊದ್ಲು ನಿನಗೇ."

"ನಿಮ್ ಓಣಿಗೆ ಇವತ್ತು ನೀರು ಐತಾ?" ಅಂದಳು. ಇಲ್ಲ ಅಂದೆ. ಫೋನ್ ಇಟ್ಟಳು.

ಟ್ಯಾಂಕರ್ ಬಂತು, ಅವ್ವನಿಗೆ ನೀರು ಹಾಕಿದರು, ಎತ್ತಿಕೊಂಡು ಹೋದರು. ಗಂಡಸರು ಹೋದ ಮೇಲೆ ಮನೆ ತೊಳೆದು ಹೆಂಗಸರು ಒಬ್ಬೊಬ್ಬರಾಗಿ ಮೀಯುತ್ತಿದ್ದರು. ನನ್ನ ಪಾಳಿ ಇನ್ನೂ ಬಂದಿರಲಿಲ್ಲ. ಆಗ ಓಣಿಯ ತಿರುವಿನಲ್ಲಿ ಹಾಲಮ್ಮ ಕಂಡಳು. ಒಂದು ಕಾಲು ಎಳೆಯುತ್ತಾ, ಸೊಂಟದ ಮೇಲೆ ಒಂದು ಸ್ಟೀಲ್ ಕೊಡ, ಅದರ ಬಾಯಿಗೆ ಒದ್ದೆ ಬಟ್ಟೆ ಕಟ್ಟಿ. ಹರಿಹರದ ನಲ್ಲಿಯಲ್ಲಿ ಆ ಬೆಳಿಗ್ಗೆ ಬಂದ ನೀರು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು. ಸೀರೆಯ ಮುಂಭಾಗವೆಲ್ಲ ತೊಯ್ದಿತ್ತು.

ಖಾಲಿ ಪಡಸಾಲೆಯನ್ನು, ದೀಪವನ್ನು ನೋಡಿ ಅವಳು ಬಾಗಿಲಲ್ಲೇ ನಿಂತುಬಿಟ್ಟಳು.

"ಮತ್ತೆ ತಡ ಆತು ತಂಗಿ," ಅಂದಳು. "ಕೊಡ ತಗೊಂಡು ಹತ್ತಬ್ಯಾಡ ಅಂದು ಕಂಡಕ್ಟರ್ ಒಂದು ಬಸ್ಸಿಂದ ಇಳಿಸಿಬಿಟ್ಟ."

ನಾನು ಎದ್ದು ಹೋಗಿ ಅವಳ ಸೊಂಟದ ಮೇಲಿದ್ದ ಕೊಡವನ್ನು ಇಸಿದುಕೊಂಡೆ. ಟ್ಯಾಂಕರಿನ ಡ್ರಮ್ಮು ಅಲ್ಲೇ ಇತ್ತು, ಅದನ್ನು ಮುಟ್ಟಲಿಲ್ಲ. ಹಿತ್ತಲಿನ ಕಲ್ಲಿನ ಮೇಲೆ ಕೂತು ಕೊಡದ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಕೊಡವನ್ನು ತಲೆಯ ಮೇಲೆ ಬಗ್ಗಿಸಿಕೊಂಡೆ. ನೀರು ತಣ್ಣಗಿತ್ತು. ಯಾವ ವಾಸನೆಯೂ ಇರಲಿಲ್ಲ.

ಬಾಗಿಲ ಆ ಕಡೆಯಿಂದ ಹಾಲಮ್ಮನ ದನಿ ಬಂತು.

"ನೀರು ಸಾಕಾಯ್ತಾ?"

ಅವಳು ಉತ್ತರ ಬರುವವರೆಗೆ ಅಲ್ಲಿಂದ ಕದಲುವವಳಲ್ಲ ಎಂದು ನನಗೆ ಗೊತ್ತಿತ್ತು. ಓಣಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದೆ.

"ಸಾಕಾಯ್ತಕ್ಕ."